ಬೆಂಡಿಗೆ ಚುಚ್ಚಿದ ಗಾಳ

"ಈ ಗಾಳಾನ ಬೆಂಡಿಗೆ ಚುಚ್ಚಿದ್ದು ಯಾರು?"

ಆಂಜನಮ್ಮ ಈ ಪ್ರಶ್ನೆಯನ್ನು ನನ್ನನ್ನು ನೋಡಿ ಕೇಳಲಿಲ್ಲ, ಸುಭದ್ರಮ್ಮನವರನ್ನು ನೋಡಿಯೂ ಕೇಳಲಿಲ್ಲ. ಮಡಿಲ ಮೇಲೆ ಅಡ್ಡವಾಗಿ ಇಟ್ಟುಕೊಂಡಿದ್ದ ಬಿದಿರಿನ ಕೋಲನ್ನು ಸವರುತ್ತ, ಎದುರಿನ ಬರಿಗೋಡೆಯ ಕಡೆ ಮುಖಮಾಡಿ ಕೇಳಿದರು. ಒಳಗೆ ಹಾಲು ಉಕ್ಕುವ ಸದ್ದಾಯಿತು. ಸುಭದ್ರಮ್ಮನವರು ಏಳಲಿಲ್ಲ, ನಾನೇ ಹೋಗಿ ಒಲೆ ಆರಿಸಿ ಬಂದೆ.

ಅದು 1997ರ ಭಾದ್ರಪದ. ಇಂದಿರಾನಗರದ ಪಕ್ಕದ ವಿಮಾ ಕಾಲೋನಿಯಲ್ಲಿ ಸುಭದ್ರಮ್ಮನವರದು ಕೆಳಗಿನ ಮನೆ, ನಮ್ಮದು ಮೇಲಿನದು. ನೌಕರಿಯಲ್ಲಿ ಇರುವಷ್ಟು ಕಾಲವೂ ಅವರ ಕೆಲಸ ಒಂದೇ ಆಗಿತ್ತು: ಸತ್ತವರು ಹೇಗೆ ಸತ್ತರೆಂದು ವಿಚಾರಿಸಿ ವಿಮಾ ಕಚೇರಿಗೆ ತಿಳಿಸುವುದು. ನಿವೃತ್ತಿಯಾದ ಮೇಲೂ ಜನ ಅವರ ಬಾಗಿಲು ತಟ್ಟುವುದನ್ನು ಬಿಡಲಿಲ್ಲ. ಕಾರ್ಖಾನೆಯಿಂದ ನಿವೃತ್ತನಾದ ನಾನು ಅವರ ಜೊತೆ ಹೋಗಿ ಬರುತ್ತಿದ್ದೆ. ತಾತನ ಪಕ್ಕ ಕೂತು ಕಾವ್ಯವಾಚನ ಕೇಳುತ್ತ ಬೆಳೆದವನಿಗೆ, ಬಾಯಿಮುಚ್ಚಿ ಕೇಳಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ.

ಆಂಜನಮ್ಮನನ್ನು ಕಳಿಸಿಕೊಟ್ಟವನು ನಮ್ಮದೇ ಕಾಲೋನಿಯ ಹುಡುಗ ಕಶ್ಯಪ್. ಭಾನುವಾರ ಬಂತೆಂದರೆ ಅವನು ಕೆ.ಆರ್. ಪುರದಾಚೆಯ ಹೊಂಗೆಕೆರೆಯಲ್ಲಿ ಗಾಳ ಹಾಕುತ್ತ ಕೂರುತ್ತಿದ್ದ. ಆಂಜನಮ್ಮನ ಗಂಡ ದೊಡ್ಡಮುನಿಯಪ್ಪ ಅಲ್ಲಿನ ಗಾಳದವರಿಗೆಲ್ಲ ಹಿರಿಯ. ಆಷಾಢದ ಒಂದು ಬೆಳಿಗ್ಗೆ ಆ ಹಿರಿಯನ ಹೆಣ ಅದೇ ಕೆರೆಯ ತೂಬಿನ ಹತ್ತಿರ ತೇಲಿತ್ತು.

"ಕಾಲು ಜಾರಿ ಬಿದ್ರು ಅಂದಿದ್ರೆ ಅತ್ತು ಸುಮ್ನಾಗ್ತಿದ್ದೆ ಕಣಮ್ಮ," ಎಂದರು ಆಂಜನಮ್ಮ. "ಪೊಲೀಸ್ನೋರು ಬೇರೆ ತರ ಹೇಳಿದ್ರು. ಗಾಳದ ದಾರ ನೀಟಾಗಿ ಸುತ್ತಿ ಮರಕ್ಕೆ ಒರಗಿಸಿದಾರೆ, ಚಪ್ಲಿ ಪಕ್ಕದಲ್ಲಿ ಬಿಟ್ಟವ್ರೆ. ಮೀನು ಹಿಡೀತಾ ಬಿದ್ದೋನು ಗಾಳ ಸುತ್ತಿಡ್ತಾನಾ? ಎಲ್ಲಾ ಎತ್ತಿಟ್ಟು ತಾವಾಗೇ ತೂಬಿನತ್ರ ನಡ್ಕೊಂಡು ಹೋಗಿ ಹಾರವ್ರೆ ಅಂದ್ರು. ಹೊಲ ಸೈಟಾದಾಗಿಂದ ಅಣ್ಣ ಮಂಕಾಗಿದ್ರು ಅಂತ ಅವರ ಜೊತೆ ಗಾಳ ಹಾಕೋ ಪ್ರೇಮ್‌ಕುಮಾರನೂ ಹೇಳ್ದ. ಫೈಲು ಮುಚ್ಚಾಯ್ತು."

"ಅವರು ಮಂಕಾಗಿದ್ರಾ?"

"ಹೊಲ ಹೋದ ದಿನ ಉಣ್ಲಿಲ್ಲ. ಮಾರನೇ ದಿನ ಎರಡು ಮುದ್ದೆ ಉಂಡ್ರು. ಮಂಕಾದೋರು ಮುದ್ದೆ ಉಣ್ತಾರಾ?"

ಸುಭದ್ರಮ್ಮನವರು ನಗಲಿಲ್ಲ. "ಈಗ ಬಂದಿದ್ದು ಯಾಕೆ?"

"ಹಿರಿಯರ ಅಮಾವಾಸ್ಯೆ ಬರ್ತಾ ಇದೆ. ಪ್ರಾಣ ತಕ್ಕೊಂಡೋನಿಗೆ ದೊಡ್ಡಮನೆ ಒಳಗೆ ಎಡೆ ಇಡಂಗಿಲ್ಲ ಅಂತ ನಮ್ಮ ಭಾವ ಮುನಿನಾರಾಯಣಪ್ಪ ಹೇಳ್ಬಿಟ್ಟವ್ರೆ. ಕುಲದಲ್ಲಿ ಅವರೇ ಹಿರಿಯರು. ಬೇಕಾದ್ರೆ ಬೇಲಿ ಹತ್ರ ಒಂದು ಎಲೆ ಹಾಕು ಅಂತಾರೆ. ನಾಯಿಗೆ ಹಾಕ್ದಂಗೆ." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಹಬ್ಬಕ್ಕೆ ಅಂತ ಮನೆ ಸಾರಿಸೋವಾಗ ಅಟ್ಟದಿಂದ ಈ ಕೋಲು ಇಳಿಸ್ದೆ. ಪೊಲೀಸ್ನೋರು ಹೆಂಗೆ ಕೊಟ್ರೋ ಹಂಗೇ ಇಟ್ಟಿದ್ದೆ. ಇವತ್ತು ಕಣ್ಣಿಗೆ ಬಿತ್ತು. ನೋಡಿ."

ನೋಡಿದೆವು. ಕೋಲಿಗೆ ದಾರವನ್ನು ಅಂದವಾಗಿ ಸುತ್ತಿತ್ತು. ನೀರಿನ ಮೇಲೆ ತೇಲುವ ಬೆಂಡು ಜೋಳದ ದಂಟಿನದು, ಮೈತುಂಬ ಜೇನುಮೇಣ ಸವರಿದ್ದು. ಗಾಳದ ಮೊನೆಯನ್ನು ಆ ಬೆಂಡಿಗೇ ಚುಚ್ಚಿ ನಿಲ್ಲಿಸಿತ್ತು. ಗಾಳದಲ್ಲಿ ಒಣಗಿದ ರಾಗಿಹಿಟ್ಟಿನ ಉಂಡೆ ಇನ್ನೂ ಅಂಟಿಕೊಂಡಿತ್ತು. ಕೋಲಿನ ಬುಡದ ಗೆಣ್ಣಿಗೆ ಹಳೆಯ ಬಟ್ಟೆಯ ಚೂರೊಂದನ್ನು ಬಿಗಿದಿತ್ತು. ಅದರ ತುಂಬ ತುಕ್ಕಿನ ಕಲೆ, ಸಣ್ಣ ತೂತು.

"ನಮ್ಮೋರು ಗಾಳಾನ ಈ ಬಟ್ಟೆಗೆ ಸಿಗಿಸೋರು," ಎಂದರು ಆಂಜನಮ್ಮ. "ಬೆಂಡಿಗೆ ಚುಚ್ಚಿದ್ರೆ ಮೇಣ ಒಡೆದು ನೀರು ಕುಡೀತದೆ, ಆಮೇಲೆ ತೇಲಲ್ಲ. ನಾನೊಂದ್ಸಲ ಗೊತ್ತಿಲ್ದೆ ಚುಚ್ಚಿದ್ದಕ್ಕೆ ದಿನವೆಲ್ಲಾ ಮಾತಾಡ್ಲಿಲ್ಲ."

"ಮನೆಗೆ ಹೊರಡೋವಾಗ ಹಿಟ್ಟು ತೆಗೀತಿದ್ರಾ?"

"ತೊಳೆದೇ ತರೋರು. ಇಲ್ಲಾಂದ್ರೆ ಇರುವೆ ಮುತ್ಕೊಂತಾವೆ."

ಸುಭದ್ರಮ್ಮನವರು ಕೋಲನ್ನು ಗೋಡೆಗೆ ಒರಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ, "ಆಂಜನಮ್ಮ, ನಿಮಗೆ ಏನಾಗ್ಬೇಕು? ಯಾರಾದ್ರೂ ಜೈಲಿಗೆ ಹೋಗ್ಬೇಕಾ?" ಎಂದು ಕೇಳಿದರು.

"ಜೈಲು ಕಟ್ಕೊಂಡು ನಾನೇನ್ ಮಾಡ್ಲಿ? ಅವರ ಎಲೆ ಒಳಗೆ ಬೀಳ್ಬೇಕು. ಅಷ್ಟೆ."

ಮಾರನೆಯ ದಿನ ಭಾನುವಾರ. ಮೀನು ಹಿಡಿಯುವವರ ಹತ್ತಿರ ಹೋಗಿಬರುತ್ತೇನೆ ಅಂದದ್ದಕ್ಕೆ ನನ್ನ ಹೆಂಡತಿ ಸುಬ್ಬಲಕ್ಷ್ಮಿ, "ಪೂಜೆ ಮುಗಿಸಿದ ಕೈಯಲ್ಲಿ ಎರೆಹುಳ ಹಿಡ್ಕೋಬೇಡಿ ಮತ್ತೆ. ಬಂದೋರು ಹಿತ್ತಲಿಂದಲೇ ಬನ್ನಿ, ನೀರು ಕಾಯಿಸಿಟ್ಟಿರ್ತೀನಿ," ಎಂದು ಕಳಿಸಿದಳು.

ಹೊಂಗೆಕೆರೆ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಏರಿಯ ಒಳಬದಿಗೆ ಹೊಂಗೆಯ ನೆರಳು. ನೀರಂಚಿನಲ್ಲಿ ಅಲ್ಲಲ್ಲಿ ಒಂದೊಂದು ಕಲ್ಲು, ಕಲ್ಲಿಗೊಬ್ಬ ಮನುಷ್ಯ. ಫ್ಯಾಕ್ಟರಿಯವರು, ಆಟೋದವರು, ಹಳೆಯ ಊರಿನವರು, ಹಲಸೂರಿನಿಂದ ಸೈಕಲ್ಲಿನಲ್ಲಿ ಬಂದವರು. ಒಬ್ಬನ ಬೆಂಡು ಅಲುಗಿದರೆ ನಾಲ್ವರು ಉಸಿರು ಹಿಡಿಯುತ್ತಿದ್ದರು. ತಪ್ಪಿಸಿಕೊಂಡರೆ ಅದೇ ನಾಲ್ವರು ನಗುತ್ತಿದ್ದರು.

"ಎಳೀಬೇಕಿತ್ತು ಗುರು, ಪೂಜೆ ಮಾಡ್ತಾ ಕೂತಿದ್ಯಾ?"

"ನಿನ್ನ ಬಾಯಿ ಸದ್ದಿಗೆ ಹೋಯ್ತು ಮಗಾ!"

ಟೀ ಫ್ಲಾಸ್ಕು ಕಲ್ಲಿನಿಂದ ಕಲ್ಲಿಗೆ ದಾಟುತ್ತಿತ್ತು. ಒಂದು ಕಲ್ಲು ಮಾತ್ರ ಖಾಲಿ. ಅದರ ಮುಂದೆ ನೀರು ಮೊಣಕಾಲಿನಷ್ಟೇ ಇತ್ತು. ತಳ ಬರೀ ಕೆಸರು.

"ಅದು ದೊಡ್ಡಮುನಿಯಪ್ಪನೋರ ಕಲ್ಲು," ಎಂದ ಕಶ್ಯಪ್. "ಕಲ್ಲಿನೋರು ತೀರ್ಕೊಂಡ್ರೆ, ಮನೆಯೋರು ಬಂದು ಇನ್ನೊಬ್ಬರನ್ನ ಕೂರಿಸೋವರೆಗೂ ಯಾರೂ ಕೂರೋ ಹಾಗಿಲ್ಲ. ಅವತ್ತು ಮಾತ್ರ ಎಲ್ಲರೂ ಬರ್ಲೇಬೇಕು."

"ಇನ್ನೇನು ನಿಯಮ ಇದೆ ನಿಮ್ಮಲ್ಲಿ?" ಎಂದು ಕೇಳುತ್ತ ಸುಭದ್ರಮ್ಮನವರು, ತಾವು ತಂದಿದ್ದ ಮುನಿಯಪ್ಪನ ಕೋಲಿನ ದಾರ ಬಿಚ್ಚಿ ಗಾಳವನ್ನು ಗಾಳಿಗೆ ಬಿಟ್ಟು ಮರಕ್ಕೆ ಒರಗಿಸಿದರು.

"ಅಯ್ಯೋ, ಹಂಗೆ ಬಿಡಬಾರ್ದು ಮೇಡಂ!" ಕಶ್ಯಪ್ ಮಾತಾಡುತ್ತಲೇ ಕೋಲೆತ್ತಿ ದಾರ ಸುತ್ತಿದ. "ಇದೇ ಮೊದಲ ನಿಯಮ. ಯಾರೇ ಎದ್ದು ಹೋದ್ರೂ ಪಕ್ಕದೋನು ಅವನ ಗಾಳ ಎತ್ತಿ ಸುತ್ತಿಡ್ಬೇಕು. ನೀರಲ್ಲೇ ಬಿಟ್ರೆ ಮೀನು ನುಂಗಿ ನರಳ್ತಾ ಇರುತ್ತೆ. ದಡದಲ್ಲಿ ಬಿಟ್ರೆ ನಾಯಿ ಕಾಲಿಗೋ ಮಕ್ಕಳ ಕಾಲಿಗೋ ಚುಚ್ಚುತ್ತೆ." ಹೇಳುತ್ತ ಗಾಳದ ಮೊನೆಯನ್ನು ಬೆಂಡಿಗೆ ಒತ್ತಿದ. ಒತ್ತಿ, "ಛೆ, ಇದು ದಂಟಿನದು! ಕಾರ್ಕ್ ಬೆಂಡಿನ ಅಭ್ಯಾಸ ನಂಗೆ," ಎಂದು ನಾಲಿಗೆ ಕಚ್ಚಿದ.

ನಾನು ಆ ಬೆಂಡನ್ನೇ ನೋಡಿದೆ. ಸುಭದ್ರಮ್ಮನವರ ಮುಖ ಬದಲಾಗಲಿಲ್ಲ.

"ಎರಡನೇ ನಿಯಮ?"

"ಮರಿ ಕಾಯೋ ಕೊರಮೀನಿಗೆ ಗಾಳ ಹಾಕಬಾರ್ದು. ಮುಂಗಾರಲ್ಲಿ ಮರಿಗಳು ಕೆಂಪಗೆ ಗುಂಪಾಗಿ ನೀರಿನ ಮೇಲೆ ಬರುತ್ವೆ. ಕೆಳಗೆ ತಂದೆತಾಯಿ ಕಾಯ್ತಿರುತ್ವೆ. ಆ ಗುಂಪಿಗೆ ಏನು ಬಿದ್ರೂ ಮೇಲೆ ಬಿದ್ದು ಕಚ್ಚುತ್ವೆ. ಹಿಡಿಯೋದು ಬಹಳ ಸುಲಭ, ಅದಕ್ಕೇ ಹಿಡೀಬಾರ್ದು." ಕಶ್ಯಪ್‌ನ ದನಿ ಇಳಿಯಿತು. "ನಾನು ಹಳೇ ಪುಸ್ತಕದಂಗಡಿಯಿಂದ ಅಮೆರಿಕದ ಗಾಳದ ಮ್ಯಾಗಜೀನು ತಂದು ತೋರಿಸ್ತಿದ್ದೆ. ಅದರಲ್ಲಿ ವಾಲ್‌ಐ ಅಂತ ಒಂದು ಮೀನು, ಬೆಳಕು ಬಿದ್ರೆ ಕಣ್ಣು ಗಾಜಿನ ಥರ ಹೊಳೆಯುತ್ತೆ. ಅಲ್ಲಿನ ಜನ ಅದಕ್ಕೋಸ್ಕರ ಹಿಮದ ಮೇಲೂ ಕೂರ್ತಾರಂತೆ. ಮುನಿಯಪ್ಪನೋರು ಚಿತ್ರ ನೋಡಿ ಒಂದೇ ಮಾತು ಕೇಳಿದ್ರು: 'ಈ ಗಾಜುಗಣ್ಣಿಂದು ಮರಿ ಕಾಯ್ತದೇನಪ್ಪಾ?' ಇಲ್ಲ, ಮೊಟ್ಟೆ ಇಟ್ಟು ಹೋಗ್ಬಿಡುತ್ತೆ ಅಂದೆ. 'ಹಂಗಾದ್ರೆ ನಮ್ಮ ಕೊರಮೀನೇ ಮೇಲು ಬಿಡು' ಅಂದ್ರು."

"ನೀನು ಹಿಡಿದ ಮೀನು ಏನ್ ಮಾಡ್ತೀಯ?"

"ಕೆರೆಗೇ ಬಿಡ್ತೀನಿ. ಮನೇಲಿ ಗೊತ್ತಾದ್ರೆ ನನ್ನನ್ನ ಕೆರೆಗೆ ಬಿಡ್ತಾರೆ."

ಅಷ್ಟರಲ್ಲಿ ಮುನಿನಾರಾಯಣಪ್ಪ ಬಂದರು. ಹೆಗಲ ಮೇಲೆ ಟವೆಲು, ಕೈಯಲ್ಲಿ ಬಿದಿರಿನ ಕೋಲು. ಅದಕ್ಕೂ ದಂಟಿನದೇ ಬೆಂಡು, ಬುಡಕ್ಕೆ ಬಟ್ಟೆಯ ಚೂರು. ಹೆಣವನ್ನು ಮೇಲೆತ್ತಿದವರು ಅವರೇ.

"ನನ್ಗೇನು ತಮ್ಮನ ಮೇಲೆ ಹಗೆ ಇದೆಯಾ? ಹೊಲದ ಭಾಗಕ್ಕೆ ಜಗಳ ಆಡಿದ್ವಿ, ನಿಜ. ಆದ್ರೆ ಇದು ಕುಲದ ಮಾತು. ತಾನಾಗಿ ಹೋದೋನನ್ನ ಹಿರಿಯರ ಸಾಲಲ್ಲಿ ಹೆಂಗೆ ಕೂರಿಸ್ಲಿ?"

"ಮೈಮೇಲೆ ಗಾಯ ಇತ್ತಾ?"

"ಹಿಂದಲೆ ಒಡೆದಿತ್ತು. ಹಾರೋವಾಗ ತೂಬಿನ ಕಲ್ಲು ಬಡ್ದಿದೆ ಅಂದ್ರು ಡಾಕ್ಟ್ರು."

ತೂಬಿನವರೆಗೆ ನಡೆದೆವು. ಏರಿಯಿಂದ ನೀರಿನೊಳಕ್ಕೆ ಚಾಚಿದ ಎರಡು ಕಲ್ಲುಚಪ್ಪಡಿ, ಪಾಚಿ ಕಟ್ಟಿ ನುಣುಪಾಗಿದ್ದವು. ಕೆಳಗೆ ನೀರು ಕಪ್ಪಗೆ ಆಳವಾಗಿತ್ತು. ಸುಭದ್ರಮ್ಮನವರು ಚಪ್ಪಡಿಯ ಮೇಲೆ ನೀರಿಗೆ ಮುಖಮಾಡಿ ನಿಂತರು. ಆಮೇಲೆ ತಿರುಗಿ, ನೀರಿಗೆ ಬೆನ್ನು ಹಾಕಿ, ನನ್ನ ಕಡೆ ನೋಡುತ್ತ ನಿಂತರು.

"ಈ ವರ್ಷ ಇಲ್ಲಿ ಕೊರಮೀನಿನ ಮರಿ ಇದ್ವಾ?" ಎಂದು ಕೇಳಿದರು ಕೊನೆಗೆ.

"ತೂಬಿನ ಹತ್ರಾನೇ ಇದ್ವು," ಎಂದರು ಮುನಿನಾರಾಯಣಪ್ಪ. "ನಮ್ಮ ಮುನಿಯ ದಿನಾ ಬಂದು ನೋಡೋನು, ಮೊಮ್ಮಕ್ಕಳನ್ನ ನೋಡ್ದಂಗೆ. ಅವನು ತೀರ್ಕೊಂಡ ವಾರವೇ ಎಲ್ಲಾ ಚದುರಿ ಬೆಳ್ಳಕ್ಕಿ ಬಾಯಿಗೆ ಬಿದ್ವು. ಅವನ ದುಃಖಕ್ಕೆ ಮೀನೂ ಹೋದ್ವು ಅಂದ್ಕೊಂಡ್ವಿ."

"ಪ್ರೇಮ್‌ಕುಮಾರ್ ಎಲ್ಲಿ ಕಾಣಿಸ್ತಾ ಇಲ್ಲ?"

"ಅವನಾ? ಮುನಿಯ ಅಂದ್ರೆ ಪ್ರಾಣ ಅವನಿಗೆ. ಅವತ್ತಿಂದ ಕೆರೆ ಕಡೆ ತಲೆ ಹಾಕಿಲ್ಲ. ಜೋಗುಪಾಳ್ಯದಲ್ಲಿ ರೇಡಿಯೋ ರಿಪೇರಿ ಅಂಗಡಿ. ವಾರವಾರ ಆಂಜನಮ್ಮನ ಮನೆಗೆ ಅಕ್ಕಿ, ತರಕಾರಿ ತಂದು ಇಟ್ಟು ಹೋಗ್ತಾನೆ. ಒಡಹುಟ್ಟಿದೋರೂ ಹಂಗೆ ಮಾಡಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಕಶ್ಯಪ್ ಬೆಂಡಿಗೆ ಚುಚ್ಚಿದ್ದನ್ನ ಗಮನಿಸಿದ್ರಾ?" ಎಂದೆ.

"ಗಮನಿಸಿದೆ ಕೃಷ್ಣಸ್ವಾಮಿಗಳೇ. ಅವನ ಥರ ಕಾರ್ಕ್ ಬೆಂಡು ಇಟ್ಕೊಂಡೋರು ಇನ್ಯಾರ್ಯಾರು ಅಂತ ತಿಳೀಬೇಕು. ಶಿವಾಜಿನಗರದಲ್ಲಿ ಇಳಿಯೋಣ."

ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಫಹ್ಮಿದಾ ಅವರ ಗಾಳದಂಗಡಿ. ತಂದೆ ಬಿಟ್ಟುಹೋದ ಅಂಗಡಿಯನ್ನು ಆಕೆ ಒಬ್ಬರೇ ನಡೆಸುತ್ತಿದ್ದರು. ಸುಭದ್ರಮ್ಮನವರು ಒಂದು ಕಾರ್ಕ್ ಬೆಂಡು ಎತ್ತಿಕೊಂಡು, ಹೊಂಗೆಕೆರೆಯವರು ಇದನ್ನು ಕೊಳ್ಳುತ್ತಾರೆಯೇ ಎಂದು ಕೇಳಿದರು.

"ಅರೆ, ಆ ಪಾರ್ಟಿಲಿ ಇಬ್ರೇ ಅಮ್ಮಾ," ಫಹ್ಮಿದಾ ನಕ್ಕರು. "ಕಶ್ಯಪ್ ಮತ್ತೆ ಪ್ರೇಮ್ ಭಾಯಿ. ಬಾಕಿಯವರು ಮಹಾ ಜಿಪುಣ್ರು. ದಂಟು ಕುಯ್ಕೊಂಡು ಮೇಣ ಹಚ್ಕೋತಾರೆ, ಇಲ್ಲಿಗೆ ಬಂದು ಬರೀ ಟೀ ಕುಡೀತಾರೆ." ಮುನಿಯಪ್ಪನ ಹೆಸರು ಬಂದೊಡನೆ ಅವರ ನಗು ಹೋಯಿತು. "ಒಳ್ಳೇ ಮನುಷ್ಯ. ಅವರು ಹೋದ ಹಿಂದಿನ ದಿನಾನೇ ಪ್ರೇಮ್ ಭಾಯಿ ಬಂದಿದ್ರು ಇಲ್ಲಿಗೆ. ಮಗಳಿಗೆ ಹುಷಾರಿಲ್ಲ, ಕೊರಮೀನು ಬೇಕು ಅಂತ ಮಾರ್ಕೆಟ್ ಪೂರಾ ಸುತ್ತಿದ್ರು. ಮಳೆಗೆ ಲಾರಿನೇ ಬಂದಿರ್ಲಿಲ್ಲ, ಆ ವಾರ ಎಲ್ಲಾ ತೊಟ್ಟಿ ಖಾಲಿ. ಬರಿಗೈಲಿ ಹೋದ್ರು ಪಾಪ, ಕಣ್ಣಲ್ಲಿ ನೀರು."

ಸುಭದ್ರಮ್ಮನವರು ಬೆಂಡನ್ನು ಮೆಲ್ಲಗೆ ಡಬ್ಬಿಗೆ ವಾಪಸು ಹಾಕಿದರು.

ಮಾರನೆಯ ದಿನ ಕೆಟ್ಟುಹೋದ ನನ್ನ ಟ್ರಾನ್ಸಿಸ್ಟರನ್ನು ಹಿಡಿದು ಜೋಗುಪಾಳ್ಯಕ್ಕೆ ಹೋದೆವು. ಪ್ರೇಮ್‌ಕುಮಾರ್ ಅಂಗಡಿಯಲ್ಲಿ ಇರಲಿಲ್ಲ. ಹಿಂದಿನ ಮನೆಯಿಂದ ಅವರ ಹೆಂಡತಿ ಯಮುನಾ ಬಂದು, ಬಿಸಿಲಲ್ಲಿ ನಿಲ್ಲಬೇಡಿ ಎಂದು ಒಳಗೆ ಕೂರಿಸಿದರು. ಮಗಳು ರಮ್ಯ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತೂಗುತ್ತಿದ್ದಳು. ಮಗು ಮುಷ್ಟಿ ಬಾಯಿಗಿಟ್ಟುಕೊಂಡು ನಮ್ಮನ್ನು ನೋಡುತ್ತಿತ್ತು.

"ಇವಳು ನಮಗೆ ಉಳಿದಿದ್ದೇ ಪುಣ್ಯ," ಯಮುನಾ ಹೇಳಿದರು. "ಹೆರಿಗೆ ಆಪರೇಷನ್ ಹೊಲಿಗೆ ಕೀವಾಗಿ ಜ್ವರ ಇಳೀತಾನೇ ಇರ್ಲಿಲ್ಲ. ಕೊರಮೀನು ಸಾರು ಕುಡಿಸಿ, ಗಾಯ ಒಣಗುತ್ತೆ ಅಂತ ನಮ್ಮತ್ತೆ. ಇವರು ಊರೆಲ್ಲಾ ಸುತ್ತಿ ಒಂದು ದಿನ ಬೆಳಿಗ್ಗೆ ಮೊಳಕೈಯುದ್ದದ್ದು ತಂದ್ರು. ಮಾರ್ಕೆಟ್‌ನಲ್ಲಿ ಸಿಕ್ತಂತೆ. ಅವತ್ತೇ ನೋಡಿ, ಮುನಿಯಪ್ಪಣ್ಣ ಹೋದ ಸುದ್ದಿನೂ ಬಂತು. ಇವರು ಅವತ್ತಿಂದ ಮೀನೇ ಮುಟ್ಟಿಲ್ಲ."

ನಾವು ಟ್ರಾನ್ಸಿಸ್ಟರ್ ಕೊಟ್ಟು ಹೊರಟೆವು. ಹಲಸೂರು ಕೆರೆಯ ತನಕ ಸುಭದ್ರಮ್ಮನವರು ಬಿರುಸಾಗಿ ನಡೆದರು. ಅಲ್ಲಿ ನಿಂತು ಕೇಳಿದರು: "ಸ್ವಾಮಿಗಳೇ, ಆ ಮಗು ನೋಡಿದ್ರಾ?"

"ನೋಡಿದೆ."

"ನಾನು ನೋಡ್ಬಾರ್ದಿತ್ತು." ಕೆರೆಯ ಕಡೆ ತಿರುಗಿ ಸೇರಿಸಿದರು: "ಆಂಜನಮ್ಮನಿಗೆ ಹೇಳಿ ಕಳಿಸಿ. ಮುಂದಿನ ಭಾನುವಾರ ಗಂಡನ ಕಲ್ಲು ಇನ್ನೊಬ್ಬರಿಗೆ ಕೊಡ್ತಾರೆ ಅಂತ ಎಲ್ಲರಿಗೂ ತಿಳಿಸ್ಲಿ."

ಅಮಾವಾಸ್ಯೆ ಹತ್ತಿರವಾಗಿತ್ತು. ಆ ಭಾನುವಾರ ಹೊಂಗೆಯ ನೆರಳಿನಲ್ಲಿ ಗಾಳದವರೆಲ್ಲ ಸೇರಿದರು. ನೀರಿಗೆ ಯಾರೂ ಗಾಳ ಇಳಿಸಿರಲಿಲ್ಲ. ಆಂಜನಮ್ಮ ಗಂಡನ ಕಲ್ಲಿನ ಪಕ್ಕ ನೆಲದ ಮೇಲೆ ಕೂತಿದ್ದರು. ಮುನಿಯಪ್ಪನ ಕೋಲನ್ನು ಸುಭದ್ರಮ್ಮನವರು ದಾರ ಬಿಚ್ಚಿ ಮರಕ್ಕೆ ಒರಗಿಸಿದ್ದರು. ಗಾಳ ಗಾಳಿಯಲ್ಲಿ ಓಲಾಡುತ್ತಿತ್ತು. ಅದನ್ನು ಯಾರೂ ಮುಟ್ಟದಂತೆ ಕಶ್ಯಪ್‌ಗೆ ಮೊದಲೇ ಹೇಳಿದ್ದರು.

ಪ್ರೇಮ್‌ಕುಮಾರ್ ಎಲ್ಲರಿಗಿಂತ ಕೊನೆಗೆ ಬಂದ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. "ತಡ ಆಯ್ತಕ್ಕ," ಎಂದು ಆಂಜನಮ್ಮನಿಗೆ ಕೈಮುಗಿದು, "ಬಸ್ಸೇ ಸಿಗ್ಲಿಲ್ಲ," ಎನ್ನುತ್ತ ಮರದ ಬುಡಕ್ಕೆ ಬಂದ. ಬಂದವನು ಮಾತಿನ ನಡುವೆಯೇ ಕೋಲನ್ನು ಎತ್ತಿಕೊಂಡ, ದಾರ ಸುತ್ತಿದ, ಗಾಳದ ಮೊನೆಯನ್ನು ಬೆಂಡಿಗೆ ಚುಚ್ಚಿ ಮತ್ತೆ ಮರಕ್ಕೆ ಒರಗಿಸಿದ. ಎಲ್ಲರೂ ತನ್ನ ಕೈಯನ್ನೇ ನೋಡುತ್ತಿರುವುದು ಆಮೇಲೆ ಅವನಿಗೆ ತಿಳಿಯಿತು.

"ಕೂತ್ಕೋಪ್ಪ ಪ್ರೇಮ್‌ಕುಮಾರ್," ಎಂದರು ಸುಭದ್ರಮ್ಮನವರು. "ಕಲ್ಲು ಕೊಡೋದಕ್ಕೆ ಮುಂಚೆ ನಾನು ಸ್ವಲ್ಪ ಮಾತಾಡ್ಬೇಕು."

ಅವರು ದನಿ ಎತ್ತಲಿಲ್ಲ.

"ಗಾಳ ನೀಟಾಗಿ ಸುತ್ತಿತ್ತು, ಅದಕ್ಕೇ ದೊಡ್ಡಮುನಿಯಪ್ಪನೋರು ತಾವಾಗೇ ಹೋದ್ರು ಅಂತ ಎಲ್ಲರೂ ನಂಬಿದ್ರಿ. ಆದ್ರೆ ಸುತ್ತಿದ ಕೈ ಅವರದಲ್ಲ. ಅವರು ಗಾಳಾನ ಬಟ್ಟೆಗೆ ಸಿಗಿಸೋರು, ದಂಟಿನ ಬೆಂಡಿಗೆ ಚುಚ್ತಿರ್ಲಿಲ್ಲ. ಗಾಳದಲ್ಲಿ ಹಿಟ್ಟು ಹಾಗೇ ಇತ್ತು. ಅಂದ್ರೆ ಅವರು ಗಾಳ ನೀರಲ್ಲೇ ಬಿಟ್ಟು ಎದ್ದು ಹೋಗಿದಾರೆ, ವಾಪಸ್ ಬಂದು ಕೂರೋರಿದ್ರು. ಸಾಯೋಕೆ ಹೊರಟೋರಲ್ಲ. ಎದ್ದು ಹೋದೋನ ಗಾಳ ಪಕ್ಕದೋನು ಸುತ್ತಿಡ್ಬೇಕು ಅನ್ನೋದು ನಿಮ್ಮ ನಿಯಮ. ಅವತ್ತು ಯಾರೋ ಆ ನಿಯಮ ಪಾಲಿಸಿದಾರೆ. ಒಳ್ಳೇ ಅಭ್ಯಾಸ. ಅದೇ ಒಬ್ಬ ಮನುಷ್ಯನ ಸಾವಿಗೆ ಕೆಟ್ಟ ಹೆಸರು ತಂತು."

ಮುನಿನಾರಾಯಣಪ್ಪ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡರು.

"ಪೆಟ್ಟು ಹಿಂದಲೆಗೆ ಬಿದ್ದಿತ್ತು. ಹಾರೋನು ನೀರು ನೋಡ್ಕೊಂಡು ಹಾರ್ತಾನೆ. ಇವರು ನೀರಿಗೆ ಬೆನ್ನು ಮಾಡಿ ಬಿದ್ದಿದಾರೆ. ಚಪ್ಪಡಿ ಮೇಲೆ, ಅವರ ಎದುರಿಗೆ ಒಬ್ಬರು ಇದ್ರು. ಕೂತ ಜಾಗ ಬಿ‌ಟ್ಟು ಅಲ್ಲಿಗೆ ಯಾಕೆ ಹೋದ್ರು? ತೂಬಿನ ಹತ್ರ ಕೊರಮೀನಿನ ಮರಿ ಇದ್ವು. ಅವರು ಸತ್ತ ವಾರವೇ ಆ ಮರಿಗಳು ಬೆಳ್ಳಕ್ಕಿ ಪಾಲಾದ್ವು. ಕಾಯೋ ಮೀನನ್ನ ಯಾರೋ ಹಿಡಿದಿದ್ರು. ಅದನ್ನ ನೋಡಿ, ಕೂತಲ್ಲಿ ಬಿಚ್ಚಿಟ್ಟಿದ್ದ ಚಪ್ಲಿನೂ ಹಾಕ್ಕೊಳ್ದೆ ತಡೆಯೋಕೆ ಅಂತ ಓಡಿದಾರೆ."

"ಯಾರು?" ಮುನಿನಾರಾಯಣಪ್ಪನ ದನಿ ಒಡೆದಿತ್ತು.

"ನಿಮ್ಮ ಮೇಲೂ ಸಂಶಯ ಪಟ್ಟೆ. ಆದ್ರೆ ನಿಮ್ಮದೂ ದಂಟಿನ ಬೆಂಡೇ, ನಿಮ್ಮ ಕೈ ಬಟ್ಟೆ ಹುಡುಕುತ್ತೆ. ಯೋಚನೆ ಇಲ್ದೆ ಬೆಂಡಿಗೆ ಚುಚ್ಚೋದು ಕಾರ್ಕಿನ ಅಭ್ಯಾಸ ಇದ್ದೋರು. ಇಲ್ಲಿ ಇಬ್ರೇ ಇದಾರೆ. ಕಶ್ಯಪ್ ಹಿಡಿದ ಮೀನು ಮನೆಗೆ ಒಯ್ಯಲ್ಲ. ಕಾಯೋ ಮೀನು ಹಿಡಿದು ಅವನಿಗೇನು ಆಗ್ಬೇಕು? ಇನ್ನೊಬ್ಬರಿಗೆ ಕೊರಮೀನು ಬೇಕೇಬೇಕಿತ್ತು. ಹಿಂದಿನ ದಿನ ಮಾರ್ಕೆಟ್ ಎಲ್ಲಾ ಹುಡುಕಿ ಬರಿಗೈಲಿ ಹೋದ್ರು. ಮಾರನೇ ಬೆಳಿಗ್ಗೆ ಮನೆಗೆ ಮೀನು ತಂದು, ಅದೇ ಮಾರ್ಕೆಟ್‌ನಲ್ಲಿ ಸಿಕ್ತು ಅಂದ್ರು. ಆ ವಾರ ಅಲ್ಲಿ ಒಂದೂ ಕೊರಮೀನು ಇರ್ಲಿಲ್ಲ."

ಪ್ರೇಮ್‌ಕುಮಾರ್ ತನ್ನ ಕೈಗಳನ್ನೇ ನೋಡುತ್ತಿದ್ದ, ಅವು ಬೇರೆ ಯಾರವೋ ಎಂಬಂತೆ.

"ಅದನ್ನ ಸುತ್ತಿಟ್ಟಿದ್ದು ನಂಗೆ ನೆನಪೇ ಇಲ್ಲ ಮೇಡಂ," ಎಂದ. "ಅಣ್ಣನ ಕಲ್ಲಿನ ಮುಂದೇನೇ ದಾರಿ. ಬೆಂಡು ನೀರಲ್ಲಿ ಒಂದೇ ಇತ್ತು. ಗಾಳ ನೀರಲ್ಲಿ ಬಿಟ್ಟು ಹೋಗ್ಬಾರ್ದು ಅಲ್ವಾ?"

ಅವನೇ ಮುಂದುವರಿಸಿದ.

"ರಮ್ಯ ಉಳಿಯಲ್ಲ ಅಂದ್ಕೊಂಡಿದ್ದೆ. ಗಾಳಕ್ಕೆ ಕಪ್ಪೆ ಸಿಗಿಸಿ ಮರಿ ಗುಂಪಿಗೆ ಇಳಿಸ್ದೆ. ತಕ್ಷಣ ಕಚ್ತು. ಅಣ್ಣ ಎಲ್ಲಿಂದ ಬಂದ್ರೋ. 'ಬಿಡೋ ಪ್ರೇಮಾ, ಅದರ ಮಕ್ಕಳು ಕೆಡ್ತಾವೆ ಕಣೋ' ಅಂತ ಮುಂದೆ ಬಂದು ದಾರ ಹಿಡ್ಕೊಂಡ್ರು. ನಾನು ಕೋಲು ಜಗ್ಗಿದೆ, ದಾರ ಅವರ ಕೈ ಜಾರ್ತು. ಅವರ ಕಾಲು ಪಾಚಿ ಮೇಲಿತ್ತು."

"ಮಗಳಿಗೆ ಅಂತ ಅವರಿಗೆ ಹೇಳಿದ್ಯಾ?" ಆಂಜನಮ್ಮ ಕೇಳಿದರು.

"ಇಲ್ಲಕ್ಕ. ಹೇಳಿದ್ರೆ ಇನ್ನೊಂದು ಕೆರೆಗೆ ಹೋಗಿ ಅವರೇ ಹಿಡಿದು ತಂದು ಕೊಡೋರು. ಅದೂ ಗೊತ್ತಿತ್ತು. ನಾಚಿಕೆಗೆ ಬಾಯಿ ಬರ್ಲಿಲ್ಲ."

"ನಿಂಗೆ ಈಜು ಬರ್ತದಲ್ಲೋ," ಎಂದರು ಮುನಿನಾರಾಯಣಪ್ಪ.

"ಬರ್ತದೆ." ಅವನು ತೂಬಿನ ಕಡೆ ನೋಡಿದ. "ಒಂದ್ಸಲ ಕೈ ಮೇಲೆ ಬಂತು. ನನ್ನ ಕೈಯಲ್ಲಿ ಕೋಲಿತ್ತು, ಮೀನು ಎಳೀತಿತ್ತು. ಬಿಟ್ರೆ ಹೋಗ್ಬಿಡ್ತದೆ ಅಂತ... ಆಮೇಲೆ ಕೈ ಬರ್ಲಿಲ್ಲ."

"ಮೀನು ಏನ್ ಮಾಡ್ದೆ?" ಆಂಜನಮ್ಮ.

"ಮನೆಗೆ ತಗೊಂಡು ಹೋದೆ."

ತಾತ ಕಾವ್ಯ ಓದುವಾಗ ಮಗ ಸತ್ತ ಸುದ್ದಿ ತಾಯಿಗೆ ಮುಟ್ಟುವ ಪದ್ಯ ಬಂದರೆ, ಅದನ್ನು ಮುಗಿಸಿ ಪುಸ್ತಕ ಮುಚ್ಚದೆ ಹಾಗೇ ಕೂರುತ್ತಿದ್ದರು, ಕೇಳುತ್ತಿದ್ದವರೂ ಏಳುತ್ತಿರಲಿಲ್ಲ. ಕೆರೆಯ ದಡದಲ್ಲಿ ಆ ಬೆಳಿಗ್ಗೆ ಅಂಥದೇ ಮೌನ. ಕಶ್ಯಪ್ ತಲೆ ತಗ್ಗಿಸಿ ಅಳುತ್ತಿದ್ದ.

"ಅಣ್ಣ ಮಂಕಾಗಿದ್ರು ಅಂತ ಪೊಲೀಸರಿಗೆ ಹೇಳಿದ್ದೂ ನೀನೇ," ಎಂದರು ಸುಭದ್ರಮ್ಮನವರು. "ಬಿದ್ದಿದ್ದು ಅನಾಹುತ. ಹಾರ್ದೇ ನಿಂತಿದ್ದು ನಿನ್ನ ಅಳುಕು. ಆದ್ರೆ ಈ ಮಾತು ನೀನು ಬೇಕಂತಲೇ ಆಡಿದ್ದು. ನಾಳೆ ಸ್ಟೇಷನ್ನಿಗೆ ಹೋಗಿ ಎಲ್ಲಾ ಹೇಳ್ಬೇಕು. ಕೃಷ್ಣಸ್ವಾಮಿಗಳು ಜೊತೆಗೆ ಬರ್ತಾರೆ."

"ಹೋಗ್ತೀನಿ ಮೇಡಂ." ಅವನು ವಾದಿಸಲಿಲ್ಲ. ಎಷ್ಟೋ ದಿನದಿಂದ ಕಾಯುತ್ತಿದ್ದವನ ಹಾಗಿದ್ದ.

ಮುನಿನಾರಾಯಣಪ್ಪ ಎದ್ದು ಆಂಜನಮ್ಮನ ಮುಂದೆ ಬಂದರು. ಹಿರಿಯ ಭಾವ ತಮ್ಮನ ಹೆಂಡತಿಯ ಎದುರು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತರು. "ಎಡೆ ದೊಡ್ಡಮನೆ ಒಳಗೇನೇ ಕಣಮ್ಮ. ನಮ್ಮಪ್ಪನ ಎಲೆ ಪಕ್ಕದಲ್ಲೇ ಮುನಿಯನ ಎಲೆ. ನಾನೇ ಇಡ್ತೀನಿ. ಬೇಲಿ ಅಂದ ಬಾಯಿಗೆ ಹುಳ ಬೀಳ್ಲಿ."

ಆಂಜನಮ್ಮ ತಲೆಯಾಡಿಸಿದರು. ಕೋಲನ್ನು ಎತ್ತಿಕೊಂಡು, ಬೆಂಡಿನಿಂದ ಗಾಳವನ್ನು ಬಿಡಿಸಿ, ಬುಡದ ಬಟ್ಟೆಗೆ ಸಿಗಿಸಿದರು. ಬೆಂಡಿನಲ್ಲಿ ಉಳಿದ ತೂತನ್ನು ಹೆಬ್ಬೆರಳಿನಿಂದ ಉಜ್ಜಿದರು. ಕಲ್ಲನ್ನು ಯಾರಿಗೂ ಕೊಡಲಿಲ್ಲ, ಯಾರೂ ಕೇಳಲಿಲ್ಲ.

ಜನ ಒಬ್ಬೊಬ್ಬರೇ ಏಳತೊಡಗಿದಾಗ ಪ್ರೇಮ್‌ಕುಮಾರ್ ಮಾತ್ರ ಆಕೆಯ ಎದುರು ಮೊಣಕಾಲೂರಿದ.

"ಅಕ್ಕಾ, ಕ್ಷಮಿಸಿ ಅಂತ ಕೇಳೋಕೆ ನಂಗೆ ಮುಖ ಇಲ್ಲ. ಒಂದು ಮಾತ್ರ ನಡೆಸಿಕೊಡಿ. ಹಿರಿಯರ ಎಡೆಗೆ ಅಣ್ಣನಿಗೆ ಇಷ್ಟದ್ದು ಇಡ್ಬೇಕಲ್ಲ, ಗೆಂಡೆಮೀನಿನ ಸಾರು ಅಂದ್ರೆ ಅವರಿಗೆ ಪ್ರಾಣ. ಸ್ಟೇಷನ್ನಿಗೆ ಹೋಗೋ ಮುಂಚೆ ಒಂದೇ ಒಂದು ಗೆಂಡೆ ಹಿಡಿದು ತಂದ್ಕೊಡ್ತೀನಿ. ಅವರು ಹೇಳ್ಕೊಟ್ಟಿದ್ದ ಹಾಗೇ, ರಾಗಿಹಿಟ್ಟಲ್ಲೇ. ಆ ಎಲೆಗೆ ನಂದೂ ಒಂದು ಇರ್ಲಿ ಅಕ್ಕ."

ಆಂಜನಮ್ಮ ಕೋಲನ್ನು ಹೆಗಲಿಗೇರಿಸಿದರು.

"ಬೇಡ," ಎಂದರು. "ನಿನ್ನ ಕೈ ಮೀನು ಅವರ ಎಲೆಗೆ ಬರಕೂಡದು."